ಪ್ರೋಟೀನ್ ಬಿಚ್ಚಿಕೊಳ್ಳುವುದನ್ನು ಲ್ಯಾಪ್‌ಟಾಪಿನಲ್ಲೇ ನೋಡಬಹುದಾ?

ಮೊಟ್ಟೆ ಬೇಯುವಾಗ ಅದರಲ್ಲಿ ಮಡಚಿಕೊಂಡಿರುವ ಪ್ರೋಟೀನ್ ಸರಪಳಿ ಬಿಚ್ಚಿಕೊಳ್ಳುತ್ತದೆ ಅಂತ ಓದಿದ್ದೀರಿ. ಕೊಪ್ಪಳದಲ್ಲಿ ಎಂಎಸ್ಸಿ ಮಾಡುತ್ತಿದ್ದೀರಿ, ಪ್ರಾಜೆಕ್ಟಿಗೆ ಅದನ್ನೇ ಕಂಪ್ಯೂಟರಿನಲ್ಲಿ ಮಾಡಿ ನೋಡುವ ಆಸೆ. ದೊಡ್ಡ ಲ್ಯಾಬ್ ಇಲ್ಲ, ಕೈಯಲ್ಲಿರುವುದು ಒಂದು ಗೇಮಿಂಗ್ ಲ್ಯಾಪ್‌ಟಾಪ್. ಆಗುತ್ತಾ ಅಂತ ಕೇಳಿದ್ದೀರಿ.

ಖಂಡಿತ ಆಗುತ್ತದೆ. ನಾನು ರಾಯಚೂರಿನ ಬಾಡಿಗೆ ರೂಮಿನಲ್ಲಿ ಕೂತು ಇದನ್ನೇ ಮಾಡಿದ್ದೇನೆ. ಆದರೆ ಮೊಟ್ಟೆಯ ಪ್ರೋಟೀನಿನಿಂದ ಶುರು ಮಾಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಪಿಡಿಬಿಯಿಂದ (ಪ್ರೋಟೀನ್ ರಚನೆಗಳ ಆನ್‌ಲೈನ್ ಸಂಗ್ರಹ) ಇಳಿಸಿಕೊಳ್ಳುವ ರಚನೆ ನಿಮ್ಮ ಕಿನ್ನಾಳದ ಗೊಂಬೆ ಇದ್ದ ಹಾಗೆ. ಚೆಂದ ಇರುತ್ತದೆ, ಒಂದೇ ಭಂಗಿಯಲ್ಲಿ ನಿಂತಿರುತ್ತದೆ. ನಿಜವಾದ ಪ್ರೋಟೀನ್ ಒಂದು ಕ್ಷಣವೂ ಸುಮ್ನೆ ಇರುವುದಿಲ್ಲ. ಅದನ್ನು ನೀರು ತುಂಬಿದ ಬಾಕ್ಸಿನಲ್ಲಿಡುತ್ತೇವೆ. ಪ್ರತಿ ಪರಮಾಣುವಿನ ಮೇಲೆ ಬೀಳುವ ಬಲವನ್ನು ಕಂಪ್ಯೂಟರ್ ಲೆಕ್ಕ ಹಾಕಿ, ನ್ಯೂಟನ್ ನಿಯಮದಂತೆ ಅದನ್ನು ಒಂದು ಹೆಜ್ಜೆ ಸರಿಸುತ್ತದೆ. ಮತ್ತೆ ಲೆಕ್ಕ, ಮತ್ತೆ ಹೆಜ್ಜೆ. ಒಂದು ಹೆಜ್ಜೆ ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡ್. ನ್ಯಾನೊಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ, ಫೆಮ್ಟೊಸೆಕೆಂಡ್ ಅದರ ಹತ್ತು ಲಕ್ಷದಲ್ಲಿ ಒಂದು. 10 ನ್ಯಾನೊಸೆಕೆಂಡಿಗೆ 50 ಲಕ್ಷ ಹೆಜ್ಜೆ, 1 ಮಿಲಿಸೆಕೆಂಡಿಗೆ 50,000 ಕೋಟಿ! 1977ರಲ್ಲಿ ಮೆಕ್ಯಾಮನ್, ಜೆಲಿನ್, ಕಾರ್ಪ್ಲಸ್ ಮೂವರು ಮೊದಲ ಸಲ ಒಂದು ಪ್ರೋಟೀನನ್ನು ಹೀಗೆ ಓಡಿಸಿದಾಗ 10 ಪಿಕೊಸೆಕೆಂಡ್ (ನ್ಯಾನೊಸೆಕೆಂಡಿನ ನೂರನೇ ಒಂದು ಭಾಗ) ಕೂಡ ದಾಟಲಿಲ್ಲ, ಸುತ್ತ ನೀರೂ ಇರಲಿಲ್ಲ. ಈಗ ಅದರ ಸಾವಿರ ಪಟ್ಟು ನಿಮಗೆ ಒಂದು ರಾತ್ರಿಯಲ್ಲಿ ಸಿಗುತ್ತದೆ. ಈ ಲೆಕ್ಕ ಮಾಡುವ ಗ್ರೋಮ್ಯಾಕ್ಸ್ ಸಾಫ್ಟ್‌ವೇರ್ ಪೂರ್ತಿ ಉಚಿತ.

ಈಗ ಮೊಟ್ಟೆಯ ವಿಷಯ. ಕಲಿಯುವವರೆಲ್ಲ ಮೊದಲು ಮುಟ್ಟುವುದು ಲೈಸೊಜೈಮ್, ಮೊಟ್ಟೆಯ ಬಿಳಿ ಭಾಗದಲ್ಲಿರುವ ಪ್ರೋಟೀನ್. ನಾನೂ ಅದನ್ನೇ ಕಾಯಿಸಿ ದಿನಗಟ್ಟಲೆ ಕಾದೆ. ಒಂದಷ್ಟು ಸಡಿಲವಾಯಿತು, ಪೂರ್ತಿ ಬಿಚ್ಚಲೇ ಇಲ್ಲ. ಅದರೊಳಗೆ 4 ಡೈಸಲ್ಫೈಡ್ ಬಂಧಗಳಿವೆ (ಎರಡು ಗಂಧಕದ ಪರಮಾಣುಗಳ ನಡುವಿನ ಬಂಧ), ಹೊಲಿಗೆ ಹಾಕಿದ ಹಾಗೆ. ನಾವು ಮಾಡುವ ಮಾಮೂಲಿ ಸಿಮ್ಯುಲೇಶನ್ನಿನಲ್ಲಿ ಇಂಥ ಬಂಧ ಅಂದರೆ ಒಂದು ಸ್ಪ್ರಿಂಗ್ ಅಷ್ಟೇ. ಎಷ್ಟು ಕಾಯಿಸಿದರೂ ಅದು ಹರಿಯುವುದಿಲ್ಲ. ಇದು ತಿಳಿಯುವ ಹೊತ್ತಿಗೆ ನನ್ನ ಮೂರು ವಾರ ಹೋಗಿತ್ತು.

ಹಾಗಾಗಿ ಸಿಐ2 ತಗೊಳ್ಳಿ. ಬಾರ್ಲಿ ಕಾಳಿನಲ್ಲಿರುವ ಚಿಕ್ಕ ಪ್ರೋಟೀನ್, ಸುಮಾರು 64 ಅಮೈನೊ ಆಮ್ಲ, ಡೈಸಲ್ಫೈಡ್ ಒಂದೂ ಇಲ್ಲ. ಒಂದು ಹೀಲಿಕ್ಸು (ಸುರುಳಿ), ಅದಕ್ಕೆ ಒರಗಿಕೊಂಡ ಒಂದು ಬೀಟಾ ಶೀಟು (ಎಳೆಗಳು ಪಕ್ಕಪಕ್ಕ ಸೇರಿ ಆದ ಹಾಳೆ). ಇದನ್ನು ಆರಿಸಲು ಇನ್ನೂ ದೊಡ್ಡ ಕಾರಣ ಇದೆ: ಅಲನ್ ಫರ್ಶ್ಟ್ ಅವರ ಗುಂಪು ಇದರ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಬದಲಿಸಿ ಪ್ರಯೋಗ ಮಾಡಿದೆ, ವ್ಯಾಲೆರಿ ಡ್ಯಾಗೆಟ್ ಅವರ ಗುಂಪು 1990ರ ದಶಕದಿಂದಲೇ ಕಂಪ್ಯೂಟರಿನಲ್ಲಿ ಬಿಚ್ಚಿ ನೋಡಿದೆ. ನಿಮ್ಮ ಉತ್ತರವನ್ನು ತಾಳೆ ನೋಡಲು ಜಾಗ ಇದೆ, ಅಲ್ವಾ? ಪಿಡಿಬಿಯಲ್ಲಿ 2ಸಿಐ2 ಫೈಲ್ ತೆರೆದಾಗ ನಂಬರ್ ನೋಡಿಕೊಳ್ಳಿ. ಲೇಖನಗಳಲ್ಲಿ 16ನೇ ಅಲನೀನ್ ಅಂದರೆ ಫೈಲಿನಲ್ಲಿ ಅದು 35.

ನಿಜವಾದ ಬಿಸಿಯಲ್ಲಿ ಬಿಚ್ಚಿಕೊಳ್ಳುವ ಹೊತ್ತಿನ ತನಕ ಓಡಿಸಲು ನಮ್ಮಿಂದ ಆಗುವುದಿಲ್ಲ. ಅದಕ್ಕೇ 498 ಕೆಲ್ವಿನ್, ಅಂದರೆ 225 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸುತ್ತಾರೆ. ಬಾಕ್ಸಿನ ಅಳತೆ ಬದಲಾಗದಂತೆ ಕಟ್ಟಿಡಿ, ಇಲ್ಲದಿದ್ದರೆ ನೀರು ಹಿಗ್ಗಿ ಬಾಕ್ಸೇ ಊದಿಕೊಳ್ಳಬಹುದು. ಇಷ್ಟು ಕಾಯಿಸಿದರೆ ದಾರಿಯೇ ಬದಲಾಗುವುದಿಲ್ಲವಾ ಅಂತ ನಿಮ್ಮ ಗೈಡ್ ಕೇಳಿಯೇ ಕೇಳುತ್ತಾರೆ. 2002ರಲ್ಲಿ ಡ್ಯಾಗೆಟ್ ಗುಂಪು ಸಿಐ2ನ್ನೇ ಬೇರೆ ಬೇರೆ ಬಿಸಿಯಲ್ಲಿ ಓಡಿಸಿ, ಬಿಸಿ ಹೆಚ್ಚಿದರೆ ವೇಗ ಹೆಚ್ಚುತ್ತದೆ, ದಾರಿ ಬದಲಾಗುವುದಿಲ್ಲ ಅಂತ ತೋರಿಸಿತು. ಅದನ್ನು ಓದಿಕೊಂಡು ಹೋಗಿ.

ಬಾಕ್ಸ್ ದೊಡ್ಡದಿರಲಿ. ಬಿಚ್ಚಿಕೊಂಡ ಸರಪಳಿ ಜಾಸ್ತಿ ಜಾಗ ತಿನ್ನುತ್ತದೆ. ಒಂದು ಕಡೆ ಹೊರಗೆ ಹೋದದ್ದು ಎದುರು ಕಡೆಯಿಂದ ಒಳಗೆ ಬರುವಂತೆ ಲೆಕ್ಕ ಇರುತ್ತದೆ, ಹಾಗಾಗಿ ಚಿಕ್ಕ ಬಾಕ್ಸಿನಲ್ಲಿ ಈ ಕಡೆಯಿಂದ ಹೊರಟ ತುದಿ ಆ ಕಡೆಯಿಂದ ಒಳಗೆ ಬಂದು ತನ್ನನ್ನೇ ಮುಟ್ಟುತ್ತದೆ. ಆ ರನ್ ಕೆಟ್ಟಿತು ಅಂತಲೇ ಲೆಕ್ಕ.

ಎಲ್ಲಕ್ಕಿಂತ ಮುಖ್ಯವಾದದ್ದು ಹೇಳುತ್ತೇನೆ. ಒಂದೇ ರನ್ ನಂಬಬೇಡಿ. ನನ್ನ ಮೊದಲ ಸಿಐ2 ರನ್‌ನಲ್ಲಿ ಶೀಟಿನ ಅಂಚಿನ ಎಳೆ ಮೊದಲು ಕಳಚಿತು, ಹೀಲಿಕ್ಸ್ ಗಟ್ಟಿಯಾಗಿ ನಿಂತಿತ್ತು. ಅದೆಷ್ಟು ಸಲ ಆ ವಿಡಿಯೊ ನೋಡಿದೆನೋ! ಪುಟಗಟ್ಟಲೆ ವಿವರಣೆ ಬರೆದು ಮೇಡಂಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಎಷ್ಟು ರನ್ ಮಾಡಿದ್ದೀಯಪ್ಪಾ?" ವಾಪಸ್ ಬಂದು, ಆರಂಭದ ವೇಗಗಳನ್ನಷ್ಟೇ ಬದಲಿಸಿ ಇನ್ನೂ ನಾಲ್ಕು ಓಡಿಸಿದೆ. ಎರಡರಲ್ಲಿ ಹೀಲಿಕ್ಸಿನ ತುದಿಯೇ ಮೊದಲು ಬಿಚ್ಚಿತು. ನಾನು ಬರೆದಿದ್ದೆಲ್ಲ ಆ ಒಂದು ರನ್ನಿನ ಕತೆ ಅಷ್ಟೇ ಆಗಿತ್ತು. ಐದರಲ್ಲೂ ಸಮಾನವಾಗಿ ಕಂಡದ್ದು ಬೇರೆ: ಹೀಲಿಕ್ಸ್ ಮತ್ತು ಶೀಟಿನ ನಡುವಿನ ಬಿಗಿ ಸಡಿಲವಾಗಿ, ಒಣಗಿದ್ದ ಆ ಜಾಗಕ್ಕೆ ನೀರು ನುಗ್ಗುತ್ತಿತ್ತು. ಪ್ರಾಜೆಕ್ಟಿನಲ್ಲಿ ಬರೆಯಬೇಕಾದದ್ದು ಅದು. ಹಾಗೆಯೇ ಸುಮಾರು 27 ಡಿಗ್ರಿಯ ಮಾಮೂಲಿ ಬಿಸಿಯಲ್ಲಿ, ಅಂದರೆ 300 ಕೆಲ್ವಿನ್‌ನಲ್ಲೂ ಒಂದು ರನ್ ಮಾಡಿ. ಅಲ್ಲೇ ಪ್ರೋಟೀನ್ ಬಿಚ್ಚಿಕೊಂಡು ಹೋದರೆ ನಿಮ್ಮ ಸೆಟಪ್ಪಿನಲ್ಲೇ ತಪ್ಪಿದೆ.

ಕರೆಂಟು ಹೋಗುತ್ತದೆ ಅಂತ ಹೆದರಬೇಡಿ. ಗ್ರೋಮ್ಯಾಕ್ಸ್ 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಬರೆಯುತ್ತದೆ, ಅಲ್ಲಿಂದಲೇ ಮುಂದುವರಿಸಬಹುದು. ಬೇಸಿಗೆಯೇ ಕಷ್ಟ. ಮೇ ತಿಂಗಳಲ್ಲಿ ನಮ್ಮ ಕಡೆ ಲ್ಯಾಪ್‌ಟಾಪ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಾನು ರಾತ್ರಿ ಹತ್ತರ ಮೇಲೆ ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿ ರನ್ ಹಾಕುತ್ತಿದ್ದೆ.

ಇನ್ನೊಂದು ಮಾತು: ಒಂದೇ ಪ್ರೋಟೀನ್ ಇರುವ ಬಾಕ್ಸಿನಲ್ಲಿ ಬಿಚ್ಚುವುದು ಕಾಣುತ್ತದೆ, ಮೊಟ್ಟೆ ಗಟ್ಟಿಯಾಗುವುದು ಕಾಣುವುದಿಲ್ಲ. ಬಿಚ್ಚಿದ ಸಾವಿರಾರು ಸರಪಳಿಗಳು ಒಂದಕ್ಕೊಂದು ತೊಡರಿಕೊಂಡರೆ ಮಾತ್ರ ಅದು ಗಟ್ಟಿಯಾಗುವುದು. ಪ್ರಾಜೆಕ್ಟಿನ ಹೆಸರಿನಲ್ಲಿ ಮೊಟ್ಟೆ ಬೇಡ.

300 ಕೆಲ್ವಿನ್ ರನ್ ಮುಗಿದ ಮೇಲೆ ಆರ್‌ಎಂಎಸ್‌ಡಿ ಗ್ರಾಫ್ (ಪ್ರೋಟೀನ್ ತನ್ನ ಆರಂಭದ ರಚನೆಯಿಂದ ಎಷ್ಟು ಸರಿದಿದೆ ಅನ್ನುವ ಅಳತೆ) ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.