ಮೊದಲು ಪ್ರದರ್ಶನಕ್ಕೆ ಕಟ್ಟಿ, ಆಮೇಲೆ ಹಾರಿಸಬಹುದಾ?

ಮೊದಲ ಮಹಾಯುದ್ಧದಲ್ಲಿ ಜರ್ಮನರು ಹಾರಿಸಿದ, ಒಂದರ ಮೇಲೊಂದು ಮೂರು ರೆಕ್ಕೆಯ ಫೋಕರ್ ಡಿಆರ್.1 ಯುದ್ಧವಿಮಾನದ ಪ್ರತಿಕೃತಿಯನ್ನು ಸದ್ಯಕ್ಕೆ ಪ್ರದರ್ಶನಕ್ಕಷ್ಟೇ ಕಟ್ಟಿ, ದುಡ್ಡು ಕೂಡಿದ ಮೇಲೆ ಎಂಜಿನ್ ಕೂರಿಸಿ ಹಾರಿಸಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಎರಡೂ ಬಗೆಯ ಕೆಲಸಕ್ಕೆ ಕೈ ಹಾಕಿದ್ದೇನೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ತೊಡಕು ಎಂಜಿನ್ನಿನದಲ್ಲ, ಅಂಟಿನದು. ರೆಕ್ಕೆಯ ಭಾರವೆಲ್ಲ ಹೊರುವುದು ಅದರ ಉದ್ದಕ್ಕೂ ಇರುವ ಮರದ ತೊಲೆ, ಅಂದರೆ ಸ್ಪಾರ್. ಹಾರುವ ವಿಮಾನಕ್ಕೆ ಸಿಟ್ಕಾ ಸ್ಪ್ರೂಸ್‌ನಂಥ ಮರ ಬೇಕು. ಅದರ ಎಳೆ 15 ಇಂಚಿಗೆ 1 ಇಂಚಿಗಿಂತ ಜಾಸ್ತಿ ಓರೆಯಾಗಿರಬಾರದು. ಅಂಟು ಕಲಸಿದಾಗಲೆಲ್ಲ ಎರಡು ಚೂರು ಮರವನ್ನು ಬೇರೆ ಅಂಟಿಸಿಟ್ಟು, ಒಣಗಿದ ಮೇಲೆ ಮುರಿದು ನೋಡಬೇಕು. ಮರ ಸೀಳಬೇಕು, ಅಂಟು ಬಿಡಬಾರದು. ಇದನ್ನೆಲ್ಲ ಬರೆದಿಡಬೇಕು, ಬಟ್ಟೆ ಹೊದಿಸುವ ಮುಂಚೆ ಒಳಗನ್ನು ತಪಾಸಣೆ ಮಾಡುವವರಿಗೆ ತೋರಿಸಬೇಕು. ಪ್ರದರ್ಶನಕ್ಕೆ ಕಟ್ಟುವಾಗ ಯಾರು ಇಷ್ಟೆಲ್ಲ ಮಾಡುತ್ತಾರೆ? ಮಾಮೂಲಿ ಪ್ಲೈವುಡ್, ಮಾಮೂಲಿ ಬೋಲ್ಟ್ ಸಾಕು, ಸಾಕೇ ಸಾಕು. ಐದು ವರ್ಷ ಬಿಟ್ಟು ಅದರೊಳಗಿನ ಜೋಡಣೆ ಗಟ್ಟಿಯಿದೆ ಅಂತ ನೀವೇ ಹೇಳಲಾರಿರಿ.

ಡಿಆರ್.1ರ ವಿಷಯದಲ್ಲಂತೂ ಇದು ಬರೀ ಹೆದರಿಕೆಯಲ್ಲ. 1917ರ ಅಕ್ಟೋಬರ್ ಕೊನೆಗೆ, ಎರಡೇ ದಿನದಲ್ಲಿ, ಹೊಚ್ಚ ಹೊಸ ಎರಡು ವಿಮಾನಗಳ ಮೇಲಿನ ರೆಕ್ಕೆ ಆಕಾಶದಲ್ಲೇ ಮುರಿದು ಪೈಲಟ್‌ಗಳು ಸತ್ತರು. ಕಳಪೆ ಕೆಲಸ, ಜೊತೆಗೆ ತೇವ ಹೊಕ್ಕು ಸಡಿಲಾದ ಅಂಟು.

ನಾನೇ ಮೂರು ವಾರ ಕೂತು ಮಾಡಿದ ಸ್ಪಾರ್ ಒಂದನ್ನು ಬಿಸಾಡಿದ್ದೇನೆ. ಟಾರ್ಚನ್ನು ಓರೆಯಾಗಿ ಹಿಡಿದಾಗ ಎಳೆಗೆ ಅಡ್ಡವಾಗಿ ಕೂದಲಷ್ಟು ತೆಳುವಾದ ಗೆರೆ ಕಂಡಿತು, ಮರ ಎಲ್ಲೋ ಒತ್ತಿಗೆ ನಲುಗಿದ ಗುರುತು. ಪ್ರದರ್ಶನದ್ದಾಗಿದ್ದರೆ ಬಣ್ಣ ಬಳಿದು ಸುಮ್ನಾಗುತ್ತಿದ್ದೆ.

ಅಂದಹಾಗೆ, ಹಾರುವುದೇ ಅಸಲಿಗೆ ಹತ್ತಿರ ಅನ್ನುವುದೂ ಪೂರ್ತಿ ನಿಜವಲ್ಲ. ಮೂಲ ರೋಟರಿ ಎಂಜಿನ್ನಿನಲ್ಲಿ ಸಿಲಿಂಡರ್‌ಗಳೇ ಪ್ರೊಪೆಲರ್ ಜೊತೆ ಗಿರಗಿರ ತಿರುಗುತ್ತವೆ, ಹರಳೆಣ್ಣೆ ಉಗುಳುತ್ತವೆ. ಅದು ಸಿಗುವುದು ಕಷ್ಟ, ಹಾಗಾಗಿ ಬಹಳ ಜನ ಸಿಲಿಂಡರ್‌ಗಳು ತಿರುಗದೆ ನಿಂತೇ ಇರುವ ರೇಡಿಯಲ್ ಎಂಜಿನ್ ಹಾಕುತ್ತಾರೆ. ತೂಕ ಬದಲಾಗುತ್ತದೆ, ಗುರುತ್ವ ಕೇಂದ್ರವನ್ನು ಮತ್ತೆ ಲೆಕ್ಕ ಹಾಕಬೇಕು. ಲಿನನ್ ಬದಲು ಪಾಲಿಯೆಸ್ಟರ್ ಬಟ್ಟೆ, ಬಾಲದ ಕೆಳಗೆ ನೆಲಕ್ಕೆ ಉಜ್ಜುವ ಊರೆಗೋಲು, ಅಂದರೆ ಸ್ಕಿಡ್ ಬದಲು ಚಕ್ರ, ಮೂಲದಲ್ಲಿ ಇಲ್ಲದ ಬ್ರೇಕು. ಪ್ರದರ್ಶನದ ವಿಮಾನಕ್ಕೆ ಈ ಯಾವ ರಾಜಿಯೂ ಬೇಕಿಲ್ಲ. ನಿಮಗೆ ಬೇಕಿರುವುದು 1917ರ ರೂಪವಾದರೆ ಅದನ್ನೇ ಕಟ್ಟಿ, ಅದೇನೂ ಕೀಳಲ್ಲ.

ಹಾರಲೇಬೇಕು ಅಂದರೆ ಮೊದಲ ತುಂಡಿನಿಂದಲೇ ಹಾರುವುದಕ್ಕೆ ತಕ್ಕಂತೆ ಕಟ್ಟಿ. ದುಡ್ಡು ಬಂದ ಹಾಗೆ ಒಂದೊಂದೇ ಭಾಗ ಮಾಡಿದರಾಯಿತು. ಬಟ್ಟೆ ಹೊದಿಸದ ಬರೀ ಹಂದರವನ್ನೂ ಪ್ರದರ್ಶನಕ್ಕೆ ಇಡಬಹುದು, ಜನ ಅದನ್ನೇ ಜಾಸ್ತಿ ಹೊತ್ತು ನೋಡುತ್ತಾರೆ. ನಿಮ್ಮ ದೇಶದ ವಿಮಾನಯಾನ ಇಲಾಖೆಯ ನಿಯಮವನ್ನು ಮೊದಲೇ ಕೇಳಿಟ್ಟುಕೊಳ್ಳಿ. ಆಮೇಲೆ ರಡ್ಡರ್‌ನಿಂದ, ಅಂದರೆ ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆಯಿಂದ ಶುರು ಮಾಡಿ. ಡಿಆರ್.1ರಲ್ಲಿ ಅದು ಬೆಸುಗೆ ಹಾಕಿದ ಉಕ್ಕಿನ ಕೊಳವೆ. ಕೆಟ್ಟರೂ ಹೋಗುವುದು ನಾಲ್ಕು ಕೊಳವೆ ಅಷ್ಟೇ.