ಮಾರಿಯಾರ್ಟಿ ಇದ್ದನಾ, ಹೋಮ್ಸ್ ಕಟ್ಟಿದ ಕತೆಯಾ?

ನೀವು ಕೇಳಿದ್ದು ಎರಡು ವಿಷಯ. ಪತ್ತೇದಾರ ಷೆರ್ಲಾಕ್ ಹೋಮ್ಸ್‌ನ ವೈರಿ ಪ್ರೊಫೆಸರ್ ಮಾರಿಯಾರ್ಟಿ ಕತೆಯೊಳಗೆ ನಿಜಕ್ಕೂ ಇದ್ದನಾ, ಇಲ್ಲ ಹೋಮ್ಸೇ ಕಟ್ಟಿದನಾ? ಮತ್ತೆ, ಆ ಕತೆಗಳ ಇಸವಿಗಳು ಯಾಕೆ ತಾಳೆಯಾಗುವುದಿಲ್ಲ? ಓದಿಲ್ಲದವರು ಇಲ್ಲೇ ನಿಲ್ಲಿಸಿ, ಮುಂದೆ ಗುಟ್ಟು ರಟ್ಟಾಗುತ್ತದೆ.

ಇದ್ದ ಅನ್ನುವ ಕಡೆಯವನು ನಾನು. ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದು ಕರೆಂಟ್ ಹೋದಾಗಲೆಲ್ಲ ನಮ್ಮ ಭಾವನ ಜೊತೆ ಇದೇ ಜಗಳ. ಅವರ ವಾದವೂ ನೀವು ಓದಿರುವುದೇ. 'ದಿ ಫೈನಲ್ ಪ್ರಾಬ್ಲಮ್'ನಲ್ಲಿ ಮಾರಿಯಾರ್ಟಿ ಆಡಿದ ಮಾತೆಲ್ಲ ನಮಗೆ ಸಿಗುವುದು ಹೋಮ್ಸ್ ಬಾಯಿಂದ. ಕತೆ ಹೇಳುವ ಗೆಳೆಯ ವಾಟ್ಸನ್ ಅವನನ್ನು ಮಾತಾಡಿಸಿಯೇ ಇಲ್ಲ. ಕೊನೆಗೆ ಇಬ್ಬರೂ ಜಲಪಾತಕ್ಕೆ ಬಿದ್ದು ಸತ್ತರು ಅಂತ ವಾಟ್ಸನ್ ನಂಬುತ್ತಾನೆ, ಆದರೆ ಹೆಣವೂ ಸಿಗಲಿಲ್ಲ. ಹಾಗಾಗಿ ಎಲ್ಲ ಹೋಮ್ಸ್ ತಲೆಮರೆಸಿಕೊಳ್ಳಲು ಹೂಡಿದ ನಾಟಕವಂತೆ.

ಕೇಳಲು ಚೆನ್ನಾಗಿದೆ. ಆದರೆ 'ದಿ ವ್ಯಾಲಿ ಆಫ್ ಫಿಯರ್' ಓದಿದರೆ ನಿಲ್ಲುವುದಿಲ್ಲ. ಅಲ್ಲಿ ಇನ್ಸ್‌ಪೆಕ್ಟರ್ ಮ್ಯಾಕ್‌ಡೊನಾಲ್ಡ್ ತಾನೇ ಹೋಗಿ ಮಾರಿಯಾರ್ಟಿಯನ್ನು ಕಂಡು ಬಂದಿದ್ದಾನೆ. ಅದು ಹೇಗೋ ಗ್ರಹಣದ ಮಾತು ಬಂತಂತೆ. ಪ್ರೊಫೆಸರ್ ಒಂದು ಲ್ಯಾಂಟರ್ನ್, ಒಂದು ಗ್ಲೋಬ್ ಇಟ್ಟುಕೊಂಡು ಒಂದೇ ನಿಮಿಷದಲ್ಲಿ ಬಿಡಿಸಿ ಹೇಳಿದನಂತೆ. ಓದಲು ಪುಸ್ತಕವನ್ನೂ ಕೊಟ್ಟ, ಅದು ಪಾಪ ಇನ್ಸ್‌ಪೆಕ್ಟರ್ ತಲೆಗೆ ಹತ್ತಲಿಲ್ಲ. ಇಲ್ಲದ ಮನುಷ್ಯ ಪೊಲೀಸರಿಗೆ ಪಾಠ ಮಾಡುತ್ತಾನಾ?

ಇನ್ನು ಆ ರೈಖೆನ್‌ಬಾಖ್ ಜಲಪಾತದ ದಾರಿಯ ಹೆಜ್ಜೆಗಳು. ನೀರಿನ ಎರಚಲಿಗೆ ಸದಾ ಒದ್ದೆಯಾಗಿರುವ ಕಪ್ಪು ಮಣ್ಣು, ಹಕ್ಕಿ ಓಡಾಡಿದರೂ ಗುರುತು ಬೀಳುತ್ತದೆ ಅನ್ನುತ್ತಾನೆ ವಾಟ್ಸನ್. ಜುಲೈನಲ್ಲಿ ಮೂಡಿಗೆರೆ ಕಡೆ ತೋಟದೊಳಗೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಹೋದ ಹೆಜ್ಜೆ ಎರಡು ಸಾಲು, ವಾಪಸ್ ಬಂದದ್ದು ಒಂದೂ ಇಲ್ಲ. ಬೂಟು ತಿರುಗಿಸಿ ಹಾಕಿಕೊಂಡು ಬರಬಹುದಿತ್ತು, ಹಿಂದೆಯೂ ಹಾಗೆ ಮಾಡಿದ್ದೇನೆ ಅಂತ ಆಮೇಲೆ ಬದುಕಿ ಬಂದ ಹೋಮ್ಸೇ ಒಪ್ಪಿಕೊಳ್ಳುತ್ತಾನೆ. ಭಾವ ಹಿಡಿದುಕೊಳ್ಳುವುದು ಇದನ್ನೇ: "ನೋಡು, ಕಳ್ಳಾಟ ಗೊತ್ತಿರೋನು!" ಆದರೆ ಹಾಗೆ ಬಂದಿದ್ದರೆ ಒಂದೇ ದಿಕ್ಕಿಗೆ ಮೂರು ಸಾಲು ಬೀಳುತ್ತಿತ್ತು ಅಲ್ವಾ? ಮೇಲಾಗಿ, ಕೆಳಗಿಳಿಯುವಾಗ ಒಬ್ಬ ಬಿರಬಿರನೆ ಮೇಲಕ್ಕೆ ಹೋಗುತ್ತಿದ್ದುದನ್ನು ವಾಟ್ಸನ್ ಕಣ್ಣಾರೆ ಕಂಡಿದ್ದಾನೆ. ಅವನು ಯಾರು? "ದುಡ್ಡು ಕೊಟ್ಟು ಕರೆಸಿದ ಆಳು" ಅನ್ನುತ್ತಾರೆ ಭಾವ. ಸರಿ, ಆ ಆಳು ವಾಪಸ್ ಬಂದದ್ದು ಯಾವ ದಾರೀಲಿ?

ಇಸವಿ ವಿಷಯದಲ್ಲಿ ಮಾತ್ರ ಅಷ್ಟು ಜೋರು ಮಾಡಲಾರೆ. 1891ರಲ್ಲಿ ನಡೆಯುವ 'ಫೈನಲ್ ಪ್ರಾಬ್ಲಮ್'ನಲ್ಲಿ ವಾಟ್ಸನ್ ಮಾರಿಯಾರ್ಟಿಯ ಹೆಸರೇ ಕೇಳಿಲ್ಲ ಅನ್ನುತ್ತಾನೆ. 1880ರ ದಶಕದ ಕೊನೆಯಲ್ಲಿ ನಡೆಯುವ 'ವ್ಯಾಲಿ'ಯಲ್ಲಿ ಅವನಿಗೆ ಎಲ್ಲ ಗೊತ್ತು! ನಾನು ಒಪ್ಪುವ ಥಿಯರಿ ಇದು: 'ಫೈನಲ್ ಪ್ರಾಬ್ಲಮ್' 1893ರಲ್ಲಿ ಅಚ್ಚಾದಾಗ ಓದುಗರಿಗೆ ಮಾರಿಯಾರ್ಟಿ ಹೊಸಬ, ಅವರಿಗೆ ಪರಿಚಯ ಮಾಡಿಸಲು ವಾಟ್ಸನ್ ಬೇಕೆಂದೇ ಗೊತ್ತಿಲ್ಲದವನಂತೆ ನಟಿಸಿದ. ಅಸಲಿಗೆ ಕಾನನ್ ಡಾಯ್ಲ್ 1887ರಿಂದ 1927ರವರೆಗೆ 60 ಕತೆಗಳನ್ನು ಹಿಂದುಮುಂದಾಗಿ ಬರೆದರು, ಹಳೆಯದನ್ನು ತೆಗೆದು ನೋಡುವ ಗೋಜಿಗೆ ಜಾಸ್ತಿ ಹೋಗಲಿಲ್ಲ.

'ವಿಸ್ಟೀರಿಯಾ ಲಾಡ್ಜ್' ಅನ್ನುವ ಕತೆ ಇನ್ನೂ ಮಜಾ. ಅದು 1892ರ ಮಾರ್ಚ್‌ನಲ್ಲಿ ನಡೆಯಿತಂತೆ. ಆಗ ಹೋಮ್ಸ್ ಸತ್ತು ಹತ್ತಿರ ಹತ್ತಿರ ವರ್ಷವಾಗಿತ್ತು ವಾಟ್ಸನ್ ಲೆಕ್ಕದಲ್ಲಿ! ಇದನ್ನು ಉಳಿಸಲು ಏನೇನೋ ಸರ್ಕಸ್ ಮಾಡುತ್ತಾರೆ. ಸುಮ್ನೆ ಇಸವಿ ತಪ್ಪು ಅಂತ ಬಿಟ್ಟು ಕತೆ ಓದಿ.