ತಣ್ಣೀರಿನ ಕಡಲಲ್ಲಿ ಕೆಂಪು ಪಾಚಿ ಹವಳದಿಬ್ಬದಂಥ ನೆಲೆ ಕಟ್ಟುವುದು ಹೇಗೆ? ಹಾಳಾದರೆ ಮತ್ತೆ ಬೆಳೆಯುವುದೇ?

ಸ್ಕಾಟ್ಲೆಂಡ್, ಫ್ರಾನ್ಸಿನ ಬ್ರಿಟನಿ ಕರಾವಳಿಯ ಮೇರ್ಲ್ ಎಂಬ ಪಾಚಿ ಹಾಸುಗಳನ್ನೇ ನೋಡಿ. ಫೈಮಟೊಲಿಥಾನ್, ಲಿಥೊಥ್ಯಾಮ್ನಿಯಾನ್ ಕುಲದ ಕೆಂಪು ಪಾಚಿಗಳು ತಮ್ಮ ಕೋಶಭಿತ್ತಿಯಲ್ಲೇ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತವೆ. ಬಂಡೆಗೆ ಅಂಟದೆ, ಕವಲೊಡೆದ ಗುಲಾಬಿ-ನೇರಳೆ ತುಂಡುಗಳಾಗಿ ತಳದಲ್ಲಿ ಬಿಡಿಬಿಡಿಯಾಗಿ ಬಿದ್ದು, ಒಂದಕ್ಕೊಂದು ಸಿಕ್ಕಿಕೊಂಡು ಹಾಸಾಗುತ್ತವೆ. ಮೇಲಿನ ಪದರ ಮಾತ್ರ ಜೀವಂತ. ಅಡಿಯಲ್ಲಿರುವುದು ಸತ್ತ ತುಣುಕುಗಳ ರಾಶಿ.

ಇದಕ್ಕೆ ಬೆಳಕು ಬೇಕು. ಹೂಳು ಕೂರದಷ್ಟು ನೀರಿನ ಹರಿವು ಬೇಕು, ಆದರೆ ತುಂಡುಗಳನ್ನೇ ಕೊಚ್ಚಿಕೊಂಡು ಹೋಗುವ ಅಲೆ ಇರಬಾರದು. ಸಂದುಗಳಲ್ಲಿ ನೀರಾಡುವುದರಿಂದ ಸ್ಕಾಲಪ್ ಚಿಪ್ಪುಜೀವಿಗಳ, ಕಾಡ್ ಮೀನುಗಳ ಮರಿಗಳು ಅಲ್ಲಿ ಅಡಗಿ ಬೆಳೆಯುತ್ತವೆ.

ಮರುಬೆಳವಣಿಗೆಯೇ ದೊಡ್ಡ ಕಷ್ಟ. ವರ್ಷಕ್ಕೆ ಸುಮಾರು 1 ಮಿ.ಮೀ., ಎಷ್ಟೋ ಕಡೆ ಅಷ್ಟೂ ಇಲ್ಲ. ಸ್ಕಾಲಪ್ ಹಿಡಿಯಲು ಎಳೆಯುವ ಕಬ್ಬಿಣದ ಹಲ್ಲಿನ ಬಲೆ ಒಮ್ಮೆ ಹಾದರೂ ತುಂಡುಗಳು ಪುಡಿಯಾಗುತ್ತವೆ, ಜೀವಂತ ಪದರ ಹೂಳಿನಡಿ ಸಿಕ್ಕಿ ಬೆಳಕಿಲ್ಲದೆ ಸಾಯುತ್ತದೆ. ಬ್ರಿಟನಿಯಲ್ಲೂ ಇಂಗ್ಲೆಂಡಿನ ಫಾಲ್ ಅಳಿವೆಯಲ್ಲೂ ಹುಳಿಮಣ್ಣಿಗೆ ಸುಣ್ಣವಾಗಿ ಬಳಸಲು ಇದನ್ನು ಬಗೆದು ತೆಗೆದರು. ‘ಸತ್ತದ್ದನ್ನಷ್ಟೇ ತೆಗೆಯುತ್ತೇವೆ’ ಎಂಬ ಸಮಜಾಯಿಷಿಯನ್ನು ಒಪ್ಪಲಾಗದು: ಬಗೆದಾಗ ಎದ್ದ ಹೂಳು ಪಕ್ಕದ ಜೀವಂತ ಹಾಸಿನ ಮೇಲೇ ಕೂರುತ್ತದೆ.

ಇನ್ನೊಂದು ಅಪಾಯ ಕಡಲಿನ ಆಮ್ಲೀಕರಣ, ಅಂದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಡಲ ನೀರಿನ ಆಮ್ಲೀಯತೆ ಹೆಚ್ಚುವುದು. ಈ ಪಾಚಿಗಳ ಸುಣ್ಣ ಮೆಗ್ನೀಷಿಯಂ ಹೆಚ್ಚಿರುವ ಕ್ಯಾಲ್ಸೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್‌ನ ಒಂದು ಹರಳು ರೂಪ). ಅಂಥ ನೀರಿನಲ್ಲಿ ಅದು ಸಾಮಾನ್ಯ ಕ್ಯಾಲ್ಸೈಟ್‌ಗಿಂತ ಬೇಗ ಕರಗುತ್ತದೆ. ಹಾಗಾಗಿ ಒಡೆದ ಮೇಲೆ ನೆಟ್ಟು ಬೆಳೆಸುತ್ತೇವೆಂದು ಕಾಯುವ ಬದಲು, ಇರುವ ಹಾಸಿನ ಮೇಲೆ ಬಲೆ ಎಳೆಯುವುದನ್ನು ನಿಲ್ಲಿಸಬೇಕು. ಸ್ಕಾಟ್ಲೆಂಡಿನ ಅರಾನ್ ದ್ವೀಪದವರು ಪಟ್ಟುಹಿಡಿದು, 2008ರಲ್ಲಿ ಲ್ಯಾಮ್‌ಲ್ಯಾಶ್ ಕೊಲ್ಲಿಯ ಒಂದು ಭಾಗದಲ್ಲಿ ಮೀನುಗಾರಿಕೆಯನ್ನೇ ನಿಷೇಧ ಮಾಡಿಸಿದರು.